ಬಾಯಿ ತಪ್ಪಿದ ಮಾತು

ಶಹಾಪುರ, ಜುಲೈ 22, 2019

ಗಂಡಸರು ಏಳುವ ಮೊದಲೇ ಸ್ನಾನ ಮುಗಿಸಿದೆ. ಬಾತ್‌ರೂಮಿಗೆ ಚಿಲಕವಿಲ್ಲ, ತುಂಬಿದ ಬಕೆಟ್ಟೇ ಚಿಲಕ. ಕಾಲುವೆಗೆ ನೀರು ಬಿಟ್ಟಿದ್ದಾರೆ. ಗದ್ದೆ ಕೆಲಸಕ್ಕೆ ಬಂದವರೆಲ್ಲ ರಾತ್ರಿ ಸೂರಿಲ್ಲದವರ ಈ ಶೆಲ್ಟರಿನಲ್ಲೇ. ಗೋಡೆಗಂಟಿ ಮಲಗುತ್ತೇನೆ. ಆಧಾರ್‌ನಲ್ಲಿ ನನ್ನ ಹೆಸರು ತಾಯಪ್ಪ, ಹಾಗಾಗಿ ಗಂಡಸರ ಹಾಲ್. ಅಣ್ಣ ನನ್ನ ಉದ್ದ ಕೂದಲು ಕತ್ತರಿಸಿ ನಮ್ಮೂರು ಕೊಂಕಲ್ಲಿನ ಮನೆಯಿಂದ ಓಡಿಸಿದ ಮೇಲೆ ಇದೊಂದೇ ಸೂರು. “ನಾ ಬಂದೀನಿ, ನಾ ಉಂಡೀನಿ” — ಇಲ್ಲಿ ನಾನಾಡುವುದು ಇಷ್ಟೇ ಮಾತು. ಅದರಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಪುಣ್ಯ.

ಜುಲೈ 24

ಅಡುಗೆಯ ಶೇಖಮ್ಮಕ್ಕನ ಜೊತೆ ರೊಟ್ಟಿ ಬಡಿಯುತ್ತಿದ್ದೆ. ನನ್ನ ಕೈ ನೋಡುತ್ತಲೇ ಕೇಳಿದಳು.

“ಖರೇ ಹೇಳು. ಹುಡುಗನೋ, ಹುಡುಗಿಯೋ?”

“ಹುಡುಗಿ ಅದೀನಿ, ಯಕ್ಕಾ.”

“ಹಂಗಾರ ಹುಡುಗೀನ. ರೊಟ್ಟಿ ಸೀದೀತು, ತಿರುವಿ ಹಾಕವ್ವ.”

ಅವ್ವ ಅಂದಳು! ಇಡೀ ದಿನ ಸುಮ್ಮಸುಮ್ಮನೆ ನಗು. ಹುಚ್ಚಿ ನಾನು.

ಜುಲೈ 25

ಸತ್ತೆ. ಊಟದ ಹೊತ್ತು. ಹಾಲಿನ ಬಾಗಿಲಲ್ಲಿ ನಿಂತು ಶೇಖಮ್ಮಕ್ಕ ಕೂಗಿದಳು — “ತಾಯಪ್ಪ ಉಂಡಾಳೇನ್ರೋ?”

ಉಂಡಾನ ಅಲ್ಲ. ಉಂಡಾಳ. ಬೇಕಂತ ಅಂದದ್ದಲ್ಲ... ಪ್ರೀತಿಗೆ ನಾಲಿಗೆ ಹೊರಳಿಬಿಟ್ಟಿತು. ಟ್ರ್ಯಾಕ್ಟರ್ ಹೊಡೆಯುವ ಗುರಣ್ಣ ತಾಟು ಕೆಳಗಿಟ್ಟ. “ಉಂಡಾಳಂತ! ಎಲ್ಲಿ ಅದಾಳಪ್ಪಾ ಆಕಿ?” ಹಾಲ್ ತುಂಬ ನಗು.

ಅಕ್ಕನ ಮೇಲೆ ಕೆಂಡದಂಥ ಸಿಟ್ಟು. ಆದರೂ ಹುಟ್ಟಿದಾಗಿನಿಂದ ಯಾರೂ ನನ್ನನ್ನು ಎಲ್ಲರೆದುರು ಹಾಗೆ ಕರೆದಿರಲಿಲ್ಲ.

ಜುಲೈ 29, ಸಂಜೆ

ಬರೆಯಲಾಗಿರಲಿಲ್ಲ. ಹಾಸಿಗೆಗೆ ನೀರು ಸುರಿದರು. ನಿನ್ನೆ ಚಾದರದೊಳಗೆ ಯಾರದೋ ಕೈ ಬಂತು, ಕಚ್ಚಿದೆ. ಹೆಂಗಸರ ಹಾಲ್ ಕೊಡಿ ಅಂತ ಮ್ಯಾನೇಜರ್ ಮಹಾದೇವಪ್ಪನವರನ್ನು ಕೇಳಿದರೆ —

“ಕಾರ್ಡಿನ್ಯಾಗ ಗಂಡಸ ಅದೀ. ಹೆಂಗಸರು ತಕರಾರು ಮಾಡ್ತಾರ. ಊಟದ ಹೊತ್ತಿಗೆ ಎಲ್ಲಾರ ಮುಂದ ಹೇಳಿಬಿಡು — ಶೇಖಮ್ಮ ಬಾಯಿ ತಪ್ಪಿ ಅಂದಾಳ, ನಾ ಗಂಡಸ ಅಂತ. ಆಮ್ಯಾಗ ಯಾರ್ ಮುಟ್ತಾರ ನಾ ನೋಡ್ತೀನಿ. ಇಲ್ಲಾಂದ್ರ ಖಾಲಿ ಮಾಡು.”

ಶೇಖಮ್ಮಕ್ಕ ಅಳುತ್ತ ಕೈ ಹಿಡಿದಳು. “ಅಂದುಬಿಡವ್ವ. ಮಳಿ ಹಿಡದದ. ಎಲ್ಲಿ ಹೋಗ್ತಿ?”

ಒಂದು ಸುಳ್ಳಿಗೆ ಒಂದು ಸೂರು. ಹೇಳುತ್ತೇನೆ. ಹೇಳಲೇಬೇಕು.

ಅದೇ ದಿನ ರಾತ್ರಿ, ಬಸ್‌ಸ್ಟ್ಯಾಂಡ್

ಊಟದ ಹೊತ್ತಿಗೆ ಎಲ್ಲರ ಮುಂದೆ ಎದ್ದು ನಿಂತೆ. ಸುಳ್ಳು ಗಂಟಲತನಕ ಬಂದಿತ್ತು. ಬಾಗಿಲಲ್ಲಿ ಶೇಖಮ್ಮಕ್ಕ ತಲೆ ತಗ್ಗಿಸಿ ನಿಂತಿದ್ದಳು, ತಪ್ಪು ಮಾಡಿದವಳ ಹಾಗೆ. ಬಾಯಿಂದ ಬಂದದ್ದು ಬೇರೆ — “ಅಕ್ಕನ ಬಾಯಿ ತಪ್ಪಿಲ್ರಿ. ಖರೇನ ಅಂದಾಳ.”

ಚೀಲ ಎತ್ತಿಕೊಂಡೆ. ಯಾರೂ ತಡೆಯಲಿಲ್ಲ.

ಯಾದಗಿರಿ ಬಸ್ ಹೋಗಿಬಿಟ್ಟಿದೆ. ಮಳೆ ನಿಂತಿಲ್ಲ. ಹೆದರಿಕೆ ಆಗುತ್ತಿದೆ, ಸುಳ್ಳೇಕೆ. ಪೊಲೀಸಪ್ಪ ಬೆಂಚು ಬೆಂಚಿಗೂ ಲಾಠಿ ಬಡಿಯುತ್ತ ಇತ್ತಲೇ ಬರುತ್ತಿದ್ದಾನೆ.

“ಏ, ಯಾಂವಲೇ ಅಂವಾ?”

ಅಂವಾ ಅಲ್ರಿ ಸಾಹೇಬ್ರ, ನಾ—