ಮುಖವೋ, ಪಾದವೋ

೧೨ ಮಾರ್ಚ್, ಗುರುವಾರ

ವರ್ಲಿನ್, ಅಜ್ಜಿಯ ದಿನಚರಿಯನ್ನು ಕದ್ದು ಓದಲು ನಾಚಿಕೆಯಾಗುವುದಿಲ್ಲವೇನೇ? ಓದು, ನಿನ್ನ ವಿಷಯವೇ ಇದೆ.

ನಮ್ಮ ಗ್ರೆನಡಾ ದ್ವೀಪದ ಕೋಕೋ ಪರದೇಶಕ್ಕೆ ಹೋಗದೆ ಗ್ರೆನಡಾದಲ್ಲೇ ಚಾಕೊಲೇಟ್ ಆಗಲಿ ಎಂದು ನೀನು ಹೊರಟಾಗ ಊರೆಲ್ಲ ಜಂಬ ಕೊಚ್ಚಿಕೊಂಡವಳು ನಾನು. ಇವತ್ತು ಆ ಚಾಕೊಲೇಟಿನ ಹೊದಿಕೆ ಕಾಗದಕ್ಕೆ ನನ್ನ ಮುಖ ಬೇಕೆಂದು ನೀನು ಫೋಟೋದವನನ್ನು ಕರೆತಂದೆ.

“ಅಜ್ಜಿ, ಸ್ವಲ್ಪ ಬಡವರ ಥರ ನಗಿ,” ಅಂದ.

“ಅದು ಹೆಂಗಪ್ಪಾ? ನೀನೇ ನಕ್ಕು ತೋರ್ಸು!” ಅಂದೆ. ಪಾಪ, ಕ್ಯಾಮೆರಾದ ಹಿಂದೆ ಅಡಗಿಕೊಂಡ.

ಬಿಸಿಲಿಗೆ ಹರವಿದ ಕೋಕೋ ಬೀಜದ ಮೇಲೆ ನಡೆದಾಡಿ, ತಿರುವಿ ಒಣಗಿಸಿದ್ದು ನನ್ನ ಪಾದ. ಬಾಯಿ ಮಾಡಿದ್ದು ಬಿಟ್ಟರೆ ಮುಖ ಮಾಡಿದ್ದೇನು? ಪಾದದ ಚಿತ್ರವನ್ನೇ ಹಾಕು ಅಂದರೆ, “ಕಾಲು ನೋಡಿದ್ರೆ ಯಾರಜ್ಜಿ ತಿಂತಾರೆ?” ಅನ್ನುತ್ತೀಯ. ಇಷ್ಟು ವರ್ಷ ಎಲ್ಲರೂ ತಿಂದದ್ದು ಈ ಕಾಲು ತುಳಿದದ್ದನ್ನಲ್ಲದೆ ಇನ್ನೇನು ಮತ್ತೆ?

ಹೊದಿಕೆ ಅಚ್ಚಿಗೆ ಹೋಗುವುದು ಮುಂದಿನ ತಿಂಗಳು. ಪಾದಕ್ಕೆ ಈಗಲೇ ಜಾಯಿಕಾಯಿ ಎಣ್ಣೆ ಹಚ್ಚಿಕೊಂಡು ಕುಳಿತಿದ್ದೇನೆ. ಆ ತಿಂಗಳು ಹುಟ್ಟುವ ಮೊದಲು, ಮುಖವೋ ಪಾದವೋ ಎಂದು ಇಲ್ಲೇ ಕೆಳಗೆ ಉತ್ತರ ಬರೆ.