ಚಿಕ್ಕಪ್ಪ ಎಂಬ ಮಾತು

ಜಾರ್ಜ್‌ಟೌನ್, ಪೆನಾಂಗ್
೧೮ ಆಗಸ್ಟ್ ೨೦೧೯, ಭಾನುವಾರ

ನನ್ನ ಅಮ್ಮನಿಗೆ, ಕೆಂಗ್ ಸೂನ್ ತಲೆಬಾಗಿ ಮಾಡುವ ನಮಸ್ಕಾರ.

ಮಂಡಿ ನೋವು ಹೇಗಿದೆ? ಇಪೋದಲ್ಲಿ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಮತ್ತೆ ಊದಿಸಿಕೊಂಡಿಲ್ಲ ತಾನೇ? ಮಗು ರಾತ್ರಿ ನಿದ್ದೆ ಮಾಡುತ್ತಿದೆಯಾ? ಬಾಣಂತಿಯ ಅಡುಗೆಗೆ ಶುಂಠಿ ಎಷ್ಟು ಹಾಕಬೇಕೆಂದು ಅಕ್ಕನ ಅತ್ತೆಯೊಂದಿಗೆ ಜಗಳಕ್ಕೆ ನಿಲ್ಲಬೇಡ, ಅದು ಅವರ ಅಡುಗೆಮನೆ. ಫೋನ್ ಮಾಡದೆ ಕಾಗದ ಬರೆದಿದ್ದಾನಲ್ಲ ಎಂದು ಗಾಬರಿಯೂ ಆಗಬೇಡ. ನೀನು ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಸೊಪ್ಪು ಬಿಡಿಸುತ್ತಾ ಮಾತಾಡುವವಳು. ನಾನು ಹೇಳುವುದನ್ನು ಭಾವ, ಅವರಮ್ಮ, ಪಕ್ಕದ ಮನೆಯವರು ಎಲ್ಲರೂ ಕೇಳಿಸಿಕೊಂಡರೆ ನಾನು ಮುಖ ಎತ್ತುವುದು ಹೇಗೆ? ಇದನ್ನು ನೀನೊಬ್ಬಳೇ ಓದು.

ಶುಕ್ರವಾರ ಹಾಲೆಂಡಿನ ನಾಲ್ವರಿಗೆ ಊರು ತೋರಿಸಲು ಹೊರಟಿದ್ದೆ. ಎಂದಿನ ದಾರಿಯೇ. ಸಮುದ್ರದ ಮೇಲಿನ ಮರದ ಮನೆಗಳು, ಊದಿನಕಡ್ಡಿ ಹೊಸೆಯುವ ತಾತನ ಅಂಗಡಿ, ಆಮೇಲೆ ನಮ್ಮ ಕುಲದ ಮಂದಿರ. ಆ ಮಂದಿರದ ಕಂಬ, ಚಿನ್ನದ ಅಕ್ಷರ, ಹಿರಿಯರ ಹೆಸರಿನ ಹಲಗೆಗಳನ್ನು ಕಂಡರೆ ನನಗೆ ಏನಾಗುತ್ತದೋ, ನಾಲಿಗೆಗೆ ಲಗಾಮೇ ಇರುವುದಿಲ್ಲ. ಹಡಗು ಹತ್ತಿ ಬಂದು ತವರದ ಗಣಿಯಲ್ಲಿ ದುಡ್ಡು ಮಾಡಿದವರು ನಮ್ಮವರು ಎಂದೆ. ಪೂರ್ತಿ ಸುಳ್ಳಲ್ಲ, ಕುಲನಾಮ ಒಂದೇ. ನಮ್ಮ ಮುತ್ತಾತ ಅವರ ಮೂಟೆ ಹೊತ್ತವನು ಎಂಬುದನ್ನು ಮಾತ್ರ ನುಂಗಿಕೊಂಡೆ. ಗುಂಪಿನಲ್ಲಿದ್ದ ಮಾರೈಕ ಎಂಬ ಹೆಂಗಸು ನಿನ್ನ ತಂದೆ ಏನು ಮಾಡುತ್ತಾರೆ ಎಂದು ಕೇಳಿದಳು. ಅವರದೂ ವ್ಯಾಪಾರವೇ ಎಂದೆ. ಆಕೆ ಆ ಚಿನ್ನದ ಅಕ್ಷರಗಳ ಕಡೆ ನೋಡಿ ತಲೆಯಾಡಿಸಿದಳು. ನಾನು ತಿದ್ದಲಿಲ್ಲ.

ಊಟಕ್ಕೆ ಕಿಂಬರ್ಲಿ ಬೀದಿಯ ಕಡೆಗೆ ಕರೆದೊಯ್ಯಬಾರದು ಎಂದೇ ಇದ್ದೆ. ಆದರೆ ಹಂದಿಕೊಬ್ಬಿನಲ್ಲಿ ಬೆಳ್ಳುಳ್ಳಿ ಸಿಡಿಯುವ ವಾಸನೆ ಯಾರನ್ನು ಬಿಡುತ್ತದೆ? ಮಾರೈಕ ಮೂಗು ತೋರಿದ ದಾರಿಯಲ್ಲೇ ನಡೆದಳು, ಉಳಿದವರು ಅವಳ ಹಿಂದೆ. ಬಂದು ನಿಂತದ್ದು ನಮ್ಮದೇ ಗಾಡಿಯ ಮುಂದೆ. ಬಾಣಲೆಯ ಹಿಂದೆ ಅವರೇ, ಅದೇ ತೂತು ಬನಿಯನ್, ಕೊರಳಲ್ಲಿ ಬೆವರಿನ ಟವೆಲ್, ಬಾಣಲೆಯಲ್ಲಿ ಕ್ವೇ ತಿಯಾವ್‌ನ ಅಗಲ ಅಕ್ಕಿಶಾವಿಗೆ ಹಾರುತ್ತಿದೆ. ನನ್ನನ್ನು ಕಂಡದ್ದೇ ಮುಖ ಅರಳಿತು, ಸಟ್ಟುಗ ಎತ್ತಿ ತೋರಿಸಿದರು. ಮಾರೈಕ ನನ್ನ ಕಡೆ ತಿರುಗಿ, ನಿನಗೆ ಗೊತ್ತಿರುವವರಾ ಎಂದಳು. ಚಿಕ್ಕಪ್ಪ ಎಂದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ತಪ್ಪಿರಲಿಲ್ಲ, ಮಾತು ಬಂದಾಗಿನಿಂದ ನಾನು ಕರೆದದ್ದೇ ಹಾಗೆ. ಆದರೆ ನಾನು ಮುಂದುವರಿಸಿದೆ. "ಇಲ್ಲಿ ಗಾಡಿ ಇಟ್ಟಿರೋ ವಯಸ್ಸಾದವರನ್ನೆಲ್ಲ ಹಾಗೇ ಕರೀತೀವಿ, ಮರ್ಯಾದೆಗೆ."

ನಾನು ಹುಟ್ಟಿದಾಗ ನೀನು ಜಾತಕ ಹಿಡಿದು ದೇವಸ್ಥಾನಕ್ಕೆ ಓಡಿದ್ದನ್ನು ಎಷ್ಟು ಸಲ ಹೇಳಿದ್ದೀ! ತಂದೆ ಮಗನ ಗ್ರಹ ಕೂಡಿಬರುವುದಿಲ್ಲ, ಅಪ್ಪ ಎಂದು ಕರೆದರೆ ಇಬ್ಬರಲ್ಲಿ ಒಬ್ಬರಿಗೆ ಗಂಡಾಂತರ, ಚಿಕ್ಕಪ್ಪ ಎಂದು ಕರೆಸಿ ಕೆಟ್ಟದ್ದರ ಕಣ್ಣಿಗೆ ಮಣ್ಣೆರಚಿ ಎಂದಿದ್ದರಂತೆ ಅಲ್ಲಿಯ ಹಿರಿಯರು. ನನ್ನ ಬಾಯಿ ತಪ್ಪೀತೆಂದು ಅಕ್ಕನಿಗೂ ಹಾಗೇ ಕಲಿಸಿದೆ. ಹೆತ್ತ ತಂದೆಯನ್ನು ಉಳಿಸಿಕೊಳ್ಳಲು ನೀನು ಕಲಿಸಿದ ಮಾತನ್ನು ನಾನು ಅವರಿಂದ ತಪ್ಪಿಸಿಕೊಳ್ಳಲು ಬಳಸಿದೆ ಅಮ್ಮಾ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಹಿಡಿಯಷ್ಟಾಗಿದ್ದೇನೆ.

ಅಷ್ಟು ಇಂಗ್ಲಿಷು ಅವರಿಗೆ ಅರ್ಥವಾಗುತ್ತದೆ. ಸಟ್ಟುಗ ಒಂದು ಗಳಿಗೆ ನಿಂತಿತು. ಆಮೇಲೆ ನನ್ನನ್ನೇ ನೋಡಿ ಕೇಳಿದರು, "ನಿಮ್ಮ ತಟ್ಟೆಗೆ ಮೊಳಕೆಕಾಳು ಹಾಕ್ಲಾ, ಬೇಡ್ವಾ ಸಾರ್?" ನಾನು ಮೊಳಕೆಕಾಳು ಮುಟ್ಟುವುದಿಲ್ಲ ಎಂದು ನಿಮ್ಮಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಕಿ ಎಂದೆ. ಹಾಕಿದರು. ಅಷ್ಟನ್ನೂ ತಿಂದೆ. ಮಾರೈಕ ನನ್ನನ್ನು ಹೊಗಳಿದಾಗ ತಮ್ಮ ಹರಕು ಇಂಗ್ಲಿಷಿನಲ್ಲಿ, "ಒಳ್ಳೇ ಮನೆತನದ ಹುಡುಗ, ನೋಡಿದ್ರೇ ಗೊತ್ತಾಗುತ್ತೆ" ಎಂದು ನಕ್ಕರು. ಪಕ್ಕದ ಗಾಡಿಯಲ್ಲಿ ಕಾಫಿ ಸೋಸುತ್ತಿದ್ದ ಸ್ವೀ ಕಿಮ್ ಅತ್ತೆ ಬಿಡುತ್ತಾಳಾ? ನಮ್ಮ ಭಾಷೆಯಲ್ಲೇ ಶುರುಮಾಡಿದಳು. "ಏನೋ ಸಾಹೇಬಾ, ಬಿಳೀ ಜನ ಜೊತೇಲಿದ್ರೆ ಕಣ್ಣು ನೆತ್ತಿಗೇರುತ್ತಾ? ನಿನ್ನ ಸ್ಕೂಲ್ ಬೂಟು ಬಂದಿದ್ದು ಯಾವ ಬಾಣಲೆಯಿಂದ, ಮರ್ತೋಯ್ತಾ?" ಅವಳನ್ನು ಸುಮ್ಮನಾಗಿಸಿದ್ದೂ ಅವರೇ. "ಬಿಡೇ, ಹುಡುಗ ಕೆಲಸದಲ್ಲಿದಾನೆ" ಎಂದರು. ಅತಿಥಿಗಳು ಏನೂ ತಿಳಿಯದೆ ನಗುತ್ತಾ ತಿನ್ನುತ್ತಿದ್ದರು.

ಮನೆಗೆ ಬಂದ ಮೇಲೆ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಟೀ ಕುಡಿದು, ಬಟ್ಟಲು ತೊಳೆದಿಟ್ಟು, ಹೇಳಿದ್ದಿಷ್ಟು. "ಇನ್ಮೇಲೆ ಆ ಕಡೆ ಬರೋ ಹೊತ್ತು ಮೊದ್ಲೇ ಹೇಳ್ಬಿಡು. ಬಾಣಲೆ ಮುಂದೆ ಸ್ವೀ ಕಿಮ್‌ನ ನಿಲ್ಲಿಸಿ ನಾನು ಹಿಂದೆ ಪಾತ್ರೆ ತೊಳೀತಿರ್ತೀನಿ. ನಿನ್ನ ಹೊಟ್ಟೆಪಾಡೂ ನಡೀಬೇಕಲ್ಲ." ಅದರಲ್ಲಿ ಚುಚ್ಚುಮಾತು ಇರಲಿಲ್ಲ, ನಾನು ಹುಡುಕಿ ನೋಡಿದೆ. ನಿಜವಾಗಿಯೂ ನನಗೆ ದಾರಿ ಬಿಡುತ್ತಿದ್ದರು. ನಾನು ಹೋಗಿ ಮಲಗಿಬಿಟ್ಟೆ. ನಿನ್ನೆಯೂ ಆ ಬೀದಿ ತಪ್ಪಿಸಿ ಸುತ್ತುಹಾದಿಯಲ್ಲಿ ಜನರನ್ನು ಕರೆದೊಯ್ದೆ.

ಅಕ್ಕನಿಗೆ ಹುಷಾರಾಗಿರಲು ಹೇಳು, ಅವಳ ಅತ್ತೆಯವರಿಗೆ ನನ್ನ ನಮಸ್ಕಾರ, ಮಗುವಿನ ಕೆನ್ನೆಗೆ ಮಾವನದೊಂದು ಮುತ್ತು. ಮಾತ್ರೆ ಮರೆಯಬೇಡ.

ನಿನ್ನ ಮಗ,
ಕೆಂಗ್ ಸೂನ್

ಮತ್ತೊಂದು ಮಾತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬೆಳಿಗ್ಗೆ ನೀನು ಹಾಕಿದ ಕಟ್ಟು ಮುರಿದೆ. ಗ್ರಹಶಾಂತಿ ಏನಿದೆಯೋ ಬಂದು ಮಾಡಿಸು, ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ. ಗಾಡಿಯ ಮುಂದೆ ಜನ ಸಾಲುಗಟ್ಟಿದ್ದಾಗ ಹೋಗಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ "ಅಪ್ಪಾ" ಎಂದು ಕೂಗಿದೆ. ಕೇಳಲಿಲ್ಲವೇನೋ ಎಂದು ಮತ್ತೆ ಕೂಗಿದೆ. ಸಾಲಿನಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅವರೊಬ್ಬರು ಮಾತ್ರ ಬಗ್ಗಿಸಿದ ತಲೆ ಎತ್ತದೆ ಹುರಿಯುತ್ತಲೇ ಇದ್ದರು. ಅವರಿಗೆ ಸಿಟ್ಟಿರಲಿಲ್ಲ ಅಮ್ಮಾ, ಕರೆದದ್ದು ತಮ್ಮನ್ನೇ ಎಂದು ಅವರಿಗೆ ಹೊಳೆಯಲೇ ಇಲ್ಲ.