ಅವಳ ಕಾಲು ಮಡಿಸೋದು ಬ್ಯಾಡ

ನೀಲಮ್ಮ ತಾಯಿ,

ನಿಮ್ಮತ್ತೆ ಹೋದಾಗಿಂದ ಅತ್ತು ಅತ್ತು ಈಗಷ್ಟೇ ನಿನಗೆ ನಿದ್ದೆ ಹತ್ತೈತೆ, ಅದಕ್ಕೇ ಎಬ್ಬಿಸಲಿಲ್ಲ. ನಾನೂ ನಿನ್ನ ಗಂಡನೂ ಗಾಡಿ ಕಟ್ಕೊಂಡು ಸೌದೆ ತರಾಕೆ ಹೊಂಟೀವಿ. ಹೌದು, ಸುಡೋದೇ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನಿನ್ನೆ ತಂತಿ ಕೊಟ್ಟೀನಿ, ಏಳರ ಬಸ್ಸಿಗೆ ಅವಳ ತಮ್ಮ ಕೊಟ್ರಬಸಪ್ಪ ಹೊನ್ನಾಳಿಯಿಂದ ಬರ್ತಾನೆ. ನಮ್ಮೋರಲ್ಲಿ ಕೂರಿಸಿ ಮಣ್ಣು ಮಾಡೋದೇ ಪದ್ಧತಿ ಅಂತ ಕೂಗಾಡ್ತಾನೆ. ಪಕ್ಕದ ಮನೆಯಿಂದ ಕಾಫಿ ತರಿಸಿ ಕೊಡು, ಎದುರು ಮಾತಾಡಬ್ಯಾಡ. ಆದ್ರೆ ನಾನು ಬರೋತನಕ ಯಾರೂ ಅವಳ ಕಾಲು ಮಡಿಸಬಾರದು. ಚಕ್ಕಳಮಕ್ಕಳ ಹಾಕಿ ಕೂರಾಕೆ ಆಗದೆ ಹತ್ತು ವರ್ಷ ಊಟಕ್ಕೂ ಕಾಲು ಚಾಚಿ ಕೂತೋಳನ್ನ ಇನ್ನು ಮಣ್ಣೊಳಗೆ ಮಡಿಸಿ ಕೂರಿಸ್ತಾನಂತೆ! ಅವನಿಗೇನು ಗೊತ್ತು ಆ ಮಂಡಿ ನೋವು? ಎಣ್ಣೆ ತಿಕ್ಕಿದೋಳು ನೀನು.

ಗದ್ದುಗೆ ಇಲ್ಲದಿದ್ರೆ ನೆನಪಿಗೆ ಏನು ಮಾಡ್ತೀರಿ ಅಂತ ಕೇಳಿದ್ರೆ, ಬಸವಣ್ಣನ ಗುಡಿ ಮೆಟ್ಟಿಲಿಗೆ ಕೈ ಹಿಡಿಯಾಕೆ ಕಬ್ಬಿಣದ ಕಂಬಿ ಹಾಕಿಸ್ತೀವಿ ಅಂತ ಹೇಳು. ಅವಳು ಹತ್ತಾಕೆ ಆಗದೆ ಕೆಳಗೇ ನಿಂತು ಕೈ ಮುಗಿದು ಬರ್ತಿದ್ಲಲ್ಲ, ಇನ್ನೊಬ್ಬಳಿಗೆ ಹಂಗಾಗೋದು ಬ್ಯಾಡ.

ನೀನು ನಿನ್ನೆಯಿಂದ ಏನೂ ತಿಂದಿಲ್ಲ. ಒಂದು ಲೋಟ ಹಾಲಾದ್ರೂ ಕುಡಿ.

ಎಣ್ಣೆ ಬಟ್ಟಲನ್ನ ಅವಳ ತಲೆದೆಸೆ ದೀಪದ ಮಗ್ಗುಲಲ್ಲಿ ಇಟ್ಟೀನಿ, ಬೆಚ್ಚಗಿರ್ತೈತೆ. ಎದ್ದ ಮೇಲೆ ಒಂದ್ಸಲ ತಿಕ್ಕು. ಈಗ ನಾನೂ ತಿಕ್ಕಿದೆ. ನಿಮ್ಮ ಕೈ ಒರಟು, ನೀಲಾನ ಕರೀರಿ ಅಂತ ಯಾವಾಗ್ಲೂ ಬೈತಿದ್ಲು. ಇವತ್ತು ಬೈಲಿಲ್ಲ.

ನಿನ್ನ ಮಾವ
ನಾಗರಾಜಪ್ಪ